ಫಿಂಕಲ್ ಯಾಕೆ ಪಾಳುಬಿತ್ತು, ಡರ್ಹಮ್ ಯಾಕೆ ಉಳಿಯಿತು?

ಪ್ರಶ್ನೆ: ನಾವು ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿದ್ದೇವೆ. ಈಚೆಗೆ ಡರ್ಹಮ್ ಕೆಥೀಡ್ರಲ್ ನೋಡಿಕೊಂಡು ಹತ್ತಿರದ ಫಿಂಕಲ್ ಪ್ರಯರಿಗೂ ಹೋಗಿದ್ದೆವು. ಎರಡರಲ್ಲೂ ಇದ್ದವರು ಒಂದೇ ಬಳಗದ ಸನ್ಯಾಸಿಗಳಂತೆ, ಎರಡನ್ನೂ ಮುಚ್ಚಿಸಿದ್ದು ಎಂಟನೇ ಹೆನ್ರಿಯಂತೆ. ಹಾಗಿದ್ದರೆ ಒಂದು ಕಡೆ ಬರೀ ಮೋಟುಗೋಡೆ, ಇನ್ನೊಂದು ಕಡೆ ಇಡೀ ಕಟ್ಟಡ ಗಟ್ಟಿಯಾಗಿ ನಿಂತಿದೆಯಲ್ಲ, ಯಾಕೆ? ಪ್ರಯರಿ ಅಂದರೆ ಅಬೆಗಿಂತ ಚಿಕ್ಕದು ಅಂತಾರೆ, ಡರ್ಹಮ್ ನೋಡಿದರೆ ಹಾಗನ್ನಿಸಲ್ಲ. ಮತ್ತೆ ಅಷ್ಟೊಂದು ಸನ್ಯಾಸಿಗಳು ದಿನವಿಡೀ ಏನು ಮಾಡುತ್ತಿದ್ದರು, ಅವರ ಖರ್ಚಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಡರ್ಹಮ್ ಪ್ರಯರಿಯನ್ನೂ ರಾಜ ಬಿಡಲಿಲ್ಲ. 1539ರ ಡಿಸೆಂಬರ್ 31ರಂದು ಅಲ್ಲಿನ ಸನ್ಯಾಸಿಗಳು ಎಲ್ಲವನ್ನೂ ಅವನಿಗೆ ಬರೆದುಕೊಟ್ಟರು. ಆದರೆ ಆ ಚರ್ಚು ಸನ್ಯಾಸಿಗಳದ್ದು ಹೇಗೋ ಹಾಗೆ ಬಿಷಪ್ಪರದ್ದೂ ಆಗಿತ್ತು. ಹೆನ್ರಿಗೆ ಸನ್ಯಾಸಿಗಳು ಬೇಡವಾಗಿದ್ದರು, ಬಿಷಪ್ಪರು ಬೇಕಿತ್ತು. ಬಿಷಪ್ ಇದ್ದ ಮೇಲೆ ಅವರ ಪೀಠ ಇರುವ ಚರ್ಚು, ಅಂದರೆ ಕೆಥೀಡ್ರಲ್, ಬೇಕು, ಕೆಥೀಡ್ರಲ್ ನಡೆಸೋಕೆ ಜನ ಬೇಕು, ಜನಕ್ಕೆ ಸಂಬಳ ಬೇಕು, ಸಂಬಳಕ್ಕೆ ಜಮೀನು ಬೇಕು. ಒಂದೂವರೆ ವರ್ಷದೊಳಗೆ ಅದೇ ಜಾಗದಲ್ಲಿ, ಅದೇ ಜಮೀನಿನ ಆದಾಯದಲ್ಲಿ, ಮುಖ್ಯ ಹುದ್ದೆಗಳಲ್ಲಿ ಅದೇ ಜನರನ್ನಿಟ್ಟುಕೊಂಡು ಹೊಸ ಹೆಸರಿನ ಸಂಸ್ಥೆ ಶುರುವಾಯಿತು. ಫಿಂಕಲ್‌ಗೆ ಬಿಷಪ್ ಇರಲಿಲ್ಲ. ವ್ಯತ್ಯಾಸ ಇಷ್ಟೇ.

ಪ್ರಯರಿ ಚಿಕ್ಕದು, ಅಬೆ ದೊಡ್ಡದು ಅನ್ನೋದು ಎಲ್ಲ ಕಡೆ ಕೇಳಿಬರುವ ಮಾತು, ಅರ್ಧ ಸರಿ. ಎರಡೂ ಸನ್ಯಾಸಿಗಳ ಮಠಗಳೇ. ಅಬೆಯ ಮುಖ್ಯಸ್ಥ ಅಬಟ್, ಪ್ರಯರಿಯ ಮುಖ್ಯಸ್ಥ ಪ್ರಯರ್. ಅಬೆಯಲ್ಲೂ ಪ್ರಯರ್ ಇರುತ್ತಿದ್ದ, ಅಬಟ್ ಕೆಳಗಿನ ಎರಡನೆಯವನಾಗಿ. ಒಂದು ದೊಡ್ಡ ಮಠದ ಶಾಖೆಯಾಗಿ ನಾಲ್ಕೈದು ಜನ ಇರುವ ಮನೆಯನ್ನೂ ಪ್ರಯರಿ ಅಂತಲೇ ಕರೆಯುತ್ತಿದ್ದರು. ಫಿಂಕಲ್ ಈ ಥರದ್ದು. ಆದರೆ ಇಂಗ್ಲೆಂಡಿನಲ್ಲಿ ಇನ್ನೊಂದು ವಿಚಿತ್ರ ಏರ್ಪಾಡಿತ್ತು. ಕೆಲವು ಕೆಥೀಡ್ರಲ್‌ಗಳನ್ನು ಸನ್ಯಾಸಿಗಳೇ ನಡೆಸುತ್ತಿದ್ದರು. ಅಲ್ಲಿ ಲೆಕ್ಕಕ್ಕೆ ಬಿಷಪ್ಪರೇ ಅಬಟ್. ಅವರು ದಿನಾ ಮಠದಲ್ಲಿ ಕೂರುವವರಲ್ಲ, ರಾಜನ ಕೆಲಸ, ರಾಜಕೀಯ ಅಂತ ಓಡಾಡುವವರು. ಹಾಗಾಗಿ ನಿಜವಾದ ಯಜಮಾನ ಪ್ರಯರ್. ಕ್ಯಾಂಟರ್‌ಬರಿ, ವಿಂಚೆಸ್ಟರ್, ವೂಸ್ಟರ್, ನಾರಿಚ್, ಈಲಿ, ಡರ್ಹಮ್ ಎಲ್ಲ ಹೀಗೇ. ಹೆಸರು ಪ್ರಯರಿ ಆದರೂ ಇವು ದೇಶದ ಅತಿ ಶ್ರೀಮಂತ ಮಠಗಳಲ್ಲಿ ಸೇರಿದ್ದವು. 14ನೇ ಶತಮಾನದ ಕೊನೆಯ ಹೊತ್ತಿಗೆ ಡರ್ಹಮ್‌ನ ಪ್ರಯರ್‌ಗೆ ಬಿಷಪ್ಪರ ಹಾಗೆ ಎತ್ತರದ ಟೋಪಿ ಹಾಕಿ, ದಂಡ ಹಿಡಿಯುವ ಹಕ್ಕೂ ಸಿಕ್ಕಿತ್ತು.

ಇನ್ನು ಡರ್ಹಮ್‌ಗೆ ಸನ್ಯಾಸಿಗಳು ಬಂದ ಕಥೆ. ಇದನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಲಿಂಡಿಸ್‌ಫಾರ್ನ್‌ನ ಬಿಷಪ್ ಆಗಿದ್ದ ಸಂತ ಕತ್‌ಬರ್ಟ್ ತೀರಿಕೊಂಡದ್ದು 687ರಲ್ಲಿ, ಸಮಾಧಿಯಾದದ್ದು ಅದೇ ದ್ವೀಪದಲ್ಲಿ. ಹನ್ನೊಂದು ವರ್ಷ ಬಿಟ್ಟು ತೆಗೆದು ನೋಡಿದಾಗ ದೇಹ ಕೊಳೆತಿರಲಿಲ್ಲ ಅಂತ ಸುದ್ದಿಯಾಯಿತು, ಅಲ್ಲಿಂದ ಭಕ್ತರ ದಂಡು ಶುರು. 793ರಲ್ಲಿ ವೈಕಿಂಗರು ದ್ವೀಪದ ಮೇಲೆ ಬಿದ್ದರು. ಕಾಟ ತಡೆಯಲಾಗದೆ 875ರಲ್ಲಿ ಅಲ್ಲಿನವರು ಸಂತನ ಶವಪೆಟ್ಟಿಗೆ ಹೊತ್ತುಕೊಂಡು ಊರು ಬಿಟ್ಟರು. ಚೆಸ್ಟರ್-ಲ-ಸ್ಟ್ರೀಟ್ ಎಂಬ ಊರಿನಲ್ಲಿ ನೂರು ವರ್ಷದ ಮೇಲೆ ಇದ್ದು, 995ರಲ್ಲಿ ಡರ್ಹಮ್‌ಗೆ ಬಂದು ನೆಲೆ ನಿಂತರು. ವಿಯರ್ ನದಿ ಮೂರು ಕಡೆ ಸುತ್ತಿಕೊಂಡು ಹರಿಯುವ ಕಡಿದಾದ ಬಂಡೆ ಅದು, ಕಾವಲಿಗೆ ಹೇಳಿ ಮಾಡಿಸಿದ ಜಾಗ.

ಇಷ್ಟು ಹೊತ್ತಿಗೆ ಸಂತನ ಶವಪೆಟ್ಟಿಗೆ ಕಾಯುತ್ತಿದ್ದ ಇವರು ಸನ್ಯಾಸಿಗಳಾಗಿ ಉಳಿದಿರಲಿಲ್ಲ. ಮದುವೆಯಾಗಿ ಹೆಂಡತಿ ಮಕ್ಕಳ ಜೊತೆ ಇರುವ ಪಾದ್ರಿಗಳು, ಅಪ್ಪನ ಕೆಲಸ ಮಗನಿಗೆ. 1066ರ ಮೇಲೆ, ಫ್ರಾನ್ಸಿನ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಬಂದರು. ಉತ್ತರದ ಜನ ಅವರಿಗೆ ಸುಲಭವಾಗಿ ಬಗ್ಗಲಿಲ್ಲ. 1069ರಲ್ಲಿ ರಾಜ ಕಳಿಸಿದ ಅಧಿಕಾರಿಯನ್ನು ಡರ್ಹಮ್‌ನಲ್ಲೇ ಕೊಂದರು, 1080ರಲ್ಲಿ ಬಿಷಪ್ ವಾಲ್ಚರ್‌ನನ್ನು ಗೇಟ್ಸ್‌ಹೆಡ್‌ನಲ್ಲಿ ಕೊಂದರು. ಅವನ ನಂತರ ಬಂದ ಬಿಷಪ್ ವಿಲಿಯಂ ಆಫ್ ಸೇಂಟ್ ಕ್ಯಾಲೆ ಚಾಲಾಕಿ. 1083ರಲ್ಲಿ ಜಾರೋ ಮತ್ತು ವಿಯರ್‌ಮತ್ ಮಠಗಳಲ್ಲಿದ್ದ ಸಂತ ಬೆನೆಡಿಕ್ಟ್‌ನ ನಿಯಮ ಪಾಲಿಸುವ 23 ಬೆನೆಡಿಕ್ಟೈನ್ ಸನ್ಯಾಸಿಗಳನ್ನು ಕರೆತಂದು ಸಂತನ ಸಮಾಧಿಯನ್ನು ಅವರ ಕೈಗೆ ಕೊಟ್ಟ. ಹಳಬರಿಗೆ ಹೇಳಿದ್ದು ಎರಡೇ ಮಾತು: ಸನ್ಯಾಸ ತಗೊಳ್ಳಿ, ಇಲ್ಲಾ ಹೊರಡಿ. ಒಪ್ಪಿದ್ದು ಅವರ ಹಿರಿಯ, ಡೀನ್, ಒಬ್ಬನೇ. ಅವನೂ ತಾನಾಗಿ ಒಪ್ಪಲಿಲ್ಲ. ಆಗಲೇ ಸನ್ಯಾಸಿಯಾಗಿದ್ದ ಅವನ ಸ್ವಂತ ಮಗ ಕೂತು ಮನವೊಲಿಸಬೇಕಾಯಿತು. ಇದನ್ನು ಬರೆದಿಟ್ಟವನು ಅದೇ ಮಠದ ಸಿಮಿಯನ್ ಎಂಬ ಸನ್ಯಾಸಿ, ಅಂದರೆ ಗೆದ್ದವರ ಕಡೆಯವನು. ಮನೆ ಮಠ ಕಳೆದುಕೊಂಡು ಹೋದ ಸಂಸಾರಗಳ ಮಾತು ಎಲ್ಲೂ ದಾಖಲಾಗಿಲ್ಲ.

ಕೆಥೀಡ್ರಲ್ ಒಳಗೆ ಪಶ್ಚಿಮದ ಕಡೆ ನೆಲದಲ್ಲಿ ಕಪ್ಪು ಕಲ್ಲಿನ ಒಂದು ಗೆರೆ ನೀವು ನೋಡಿರಬೇಕು. ಹೆಂಗಸರು ಅದನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಸಂತ ಕತ್‌ಬರ್ಟ್‌ಗೆ ಹೆಂಗಸರನ್ನು ಕಂಡರಾಗುತ್ತಿರಲಿಲ್ಲ ಅಂತ ಗೈಡ್‌ಗಳು ಕಥೆ ಹೇಳುತ್ತಾರೆ. ಬದುಕಿದ್ದಾಗ ಆತ ಹಾಗಿರಲಿಲ್ಲ. ಮಹಿಳಾ ಮಠಗಳ ಮುಖ್ಯಸ್ಥೆಯರ ಜೊತೆ ಒಳ್ಳೆ ಸ್ನೇಹ ಇತ್ತು, ಅವನ ಶವಕ್ಕೆ ಹೊದಿಸಿದ ಬಟ್ಟೆಯೇ ಅಂಥ ಒಬ್ಬಾಕೆ ಕೊಟ್ಟದ್ದು. ಈ ದ್ವೇಷದ ಕಥೆ ಹುಟ್ಟಿಕೊಂಡದ್ದು 1083ರ ನಂತರ. ಹೆಂಡತಿ ಮಕ್ಕಳಿದ್ದ ಹಳೇ ಪಾದ್ರಿಗಳು ಸಂತನ ಪಕ್ಕ ಇರೋಕೆ ಯೋಗ್ಯರೇ ಅಲ್ಲ ಅಂತ ತೋರಿಸೋಕೆ ಹೊಸಬರಿಗೆ ಇದಕ್ಕಿಂತ ಅನುಕೂಲದ ಕಥೆ ಬೇರೆ ಇರಲಿಲ್ಲ. ಬಹಳ ಇತಿಹಾಸಕಾರರ ಅಭಿಪ್ರಾಯವೂ ಇದೇ, ನನಗೂ ಇದೇ ಸರಿ ಅನ್ನಿಸುತ್ತದೆ. ಒಂದು ಸಲ ಕಟ್ಟಿದ ಕಥೆ ಎಷ್ಟು ಗಟ್ಟಿಯಾಯಿತು ಅಂದರೆ, 1333ರಲ್ಲಿ ಮೂರನೇ ಎಡ್ವರ್ಡ್ ರಾಜನನ್ನು ನೋಡಲು ಬಂದ ರಾಣಿ ಫಿಲಿಪ್ಪಾ ಪ್ರಯರ್ ಮನೆಯಲ್ಲಿ ಮಲಗಿದ್ದಾಗ ಸನ್ಯಾಸಿಗಳು ಬಂದು ರಾಜನಿಗೆ ವಿಷಯ ಹೇಳಿದರು. ಪಾಪ, ಆಕೆ ರಾತ್ರೋರಾತ್ರಿ ಎದ್ದು, ಒಳಬಟ್ಟೆಯಲ್ಲೇ, ಎದುರಿನ ಕೋಟೆಗೆ ನಡೆದುಕೊಂಡು ಹೋಗಬೇಕಾಯಿತು.

ಈಗಿನ ಕೆಥೀಡ್ರಲ್‌ನ ಅಡಿಗಲ್ಲು ಬಿದ್ದದ್ದು 1093ರಲ್ಲಿ. 1104ಕ್ಕೆ ಸಂತನನ್ನು ಪೂರ್ವದ ತುದಿಗೆ ತಂದಿಟ್ಟರು, 1133ಕ್ಕೆ ಚಾವಣಿಯವರೆಗೂ ಮುಗಿಯಿತು. ಅಷ್ಟು ಅಗಲದ ಜಾಗಕ್ಕೆ ಕಲ್ಲಿನ ಪಟ್ಟಿಗಳನ್ನು ಅಡ್ಡಡ್ಡ ಹಾಯಿಸಿ ಕಮಾನು ಚಾವಣಿ ಹಾಕಿದ್ದು ಯೂರೋಪಿನಲ್ಲೇ ಮೊದಮೊದಲ ಪ್ರಯತ್ನಗಳಲ್ಲಿ ಒಂದು. ಅದನ್ನೆಲ್ಲ ನೀವೇ ಕಣ್ಣಾರೆ ನೋಡಿದ್ದೀರಿ, ನಾನು ಕೊರೆಯುವುದಿಲ್ಲ.

ಬಿಷಪ್ಪರು ಮತ್ತು ಪ್ರಯರ್ ನಡುವಿನ ಸಂಬಂಧ ಮಾತ್ರ ಬಿಡೋಹಾಗಿಲ್ಲ, ಕೊನೆಗೆ ಕಟ್ಟಡ ಉಳಿಸಿದ್ದೇ ಅದು. ಡರ್ಹಮ್‌ನ ಬಿಷಪ್ ಅಂದರೆ ಅರ್ಧ ರಾಜ. ಸ್ವಂತ ಕೋರ್ಟು, ಸ್ವಂತ ಟಂಕಸಾಲೆ, ಸ್ವಂತ ಸೈನ್ಯ. ಬಂಡೆಯ ಒಂದು ತುದಿಯಲ್ಲಿ ಅವರ ಕೋಟೆ, ಇನ್ನೊಂದು ತುದಿಯಲ್ಲಿ ಪ್ರಯರಿ. ಹತ್ತಿರ ಇದ್ದಷ್ಟೂ ಜಗಳ ಜಾಸ್ತಿ, ಅಲ್ವಾ? 1300ರಲ್ಲಿ ಬಿಷಪ್ ಆಂಟನಿ ಬೆಕ್ ಮಠದ ತಪಾಸಣೆಗೆ ಬರುತ್ತೇನೆ ಅಂದ. ಬನ್ನಿ, ಆದರೆ ಪರಿವಾರ ಕಟ್ಟಿಕೊಂಡು ಬರಬೇಡಿ ಅಂದ ಪ್ರಯರ್ ರಿಚರ್ಡ್ ಹೋಟನ್. ಅಷ್ಟಕ್ಕೇ ಬಿಷಪ್ ಅವನನ್ನು ಕೆಲಸದಿಂದ ತೆಗೆದು, ಲಿಂಡಿಸ್‌ಫಾರ್ನ್ ಶಾಖೆಯಲ್ಲಿದ್ದ ಹೆನ್ರಿ ಲೂಸ್ಬಿ ಎಂಬುವನನ್ನು ಪ್ರಯರ್ ಅಂತ ಘೋಷಿಸಿದ. ಹೋಟನ್ ಜಾಗ ಬಿಡಲಿಲ್ಲ. ಬಿಷಪ್ಪನ ಆಳುಗಳು ಪ್ರಯರಿಗೆ ಮುತ್ತಿಗೆ ಹಾಕಿದರು. ತಮ್ಮದೇ ಕೆಥೀಡ್ರಲ್‌ಗೆ! ಆಹಾರ ಒಳಗೆ ಹೋಗದ ಹಾಗೆ ತಡೆದರು, ನೀರಿನ ಕೊಳವೆ ಒಡೆದರು. ಕೊನೆಗೆ ಹೋಟನ್ ಸೆರೆಯಾದ, ತಪ್ಪಿಸಿಕೊಂಡ, ರಾಜನ ಹತ್ತಿರ ಹೋದ, ರೋಮ್‌ಗೆ ಹೋಗಿ ಪೋಪ್ ಹತ್ತಿರ ಗೆದ್ದು ಬಂದ. ಜಗಳ ಅಷ್ಟಕ್ಕೇ ನಿಲ್ಲಲಿಲ್ಲ, 1308ರಲ್ಲಿ ಅವನು ಸತ್ತದ್ದೂ ಪೋಪ್ ಆಸ್ಥಾನದಲ್ಲೇ, ಕೇಸು ನಡೆಸುತ್ತಾ.

ಇನ್ನು ದುಡ್ಡಿನ ವಿಷಯ. ನನಗೆ ಅತಿ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮುಖ್ಯವಾಗಿ ಎರಡು ಆದಾಯ. ಒಂದು, ಜಮೀನಿನ ಗೇಣಿ. ಸಂತನ ಹೆಸರಿಗೆ ಶತಮಾನಗಳಿಂದ ಬಂದ ಊರುಗಳು ವಿಯರ್ ಮತ್ತು ಟೈನ್ ನದಿಗಳ ನಡುವೆ, ಇನ್ನೂ ಉತ್ತರಕ್ಕೆ ಸ್ಕಾಟ್ಲೆಂಡಿನ ಗಡಿಯವರೆಗೆ ಹರಡಿದ್ದವು. ಎರಡು, ದಶಾಂಶ. ಮಠದ ಕೈಕೆಳಗಿನ ಚರ್ಚುಗಳ ವ್ಯಾಪ್ತಿಯಲ್ಲಿ ಬೆಳೆದ ಬೆಳೆಯಲ್ಲಿ, ಹುಟ್ಟಿದ ಕುರಿಮರಿಯಲ್ಲಿ ಹತ್ತನೇ ಒಂದು ಪಾಲು. ಇದರ ಜೊತೆಗೆ ರೇಂಟನ್, ಫೆರಿಹಿಲ್ ಕಡೆಯ ಕಲ್ಲಿದ್ದಲ ಗಣಿಗಳು. ಈ ಸೀಮೆಯ ಕಲ್ಲಿದ್ದಲು ಅಂದರೆ 19ನೇ ಶತಮಾನದ ಕಥೆ ಅಂದುಕೊಳ್ಳುತ್ತೇವೆ, ಆದರೆ ಅದಕ್ಕೆ ನಾನೂರು ವರ್ಷ ಮೊದಲೇ ಇಲ್ಲಿನ ಸನ್ಯಾಸಿಗಳು ಗಣಿ ನಡೆಸಿ, ಒಳಗೆ ತುಂಬುವ ನೀರು ಹೊರಹಾಕೋಕೆ ಒದ್ದಾಡಿ, ಅದರ ಖರ್ಚನ್ನೂ ಬರೆದಿಟ್ಟಿದ್ದಾರೆ.

ಬರೆದಿಡೋದರಲ್ಲಿ ಅವರದು ಎತ್ತಿದ ಕೈ. ಒಬ್ಬೊಬ್ಬ ಸನ್ಯಾಸಿಗೆ ಒಂದೊಂದು ಇಲಾಖೆ. ಬಟ್ಟೆಬರೆ ನೋಡುವವನು ಒಬ್ಬ, ಉಗ್ರಾಣ ನೋಡುವವನು ಒಬ್ಬ, ಚರ್ಚಿನ ಮೇಣ, ದೀಪ, ರಿಪೇರಿಗೆ ಒಬ್ಬ, ದಾನಧರ್ಮಕ್ಕೆ ಒಬ್ಬ, ಅತಿಥಿಗಳಿಗೆ ಒಬ್ಬ, ಕಾಯಿಲೆಯವರಿಗೆ ಒಬ್ಬ. ಪ್ರತಿ ಇಲಾಖೆಗೂ ಬೇರೆ ಜಮೀನು, ಬೇರೆ ಆದಾಯ, ಬೇರೆ ಲೆಕ್ಕ. ಎಲ್ಲರಿಗಿಂತ ದೊಡ್ಡ ಗಂಟು ಬರ್ಸರ್ ಅನ್ನುವ ಖಜಾಂಚಿಯ ಕೈಯಲ್ಲಿ. ವರ್ಷಕ್ಕೊಮ್ಮೆ ಎಲ್ಲರೂ ಚರ್ಮದ ಉದ್ದನೆ ಸುರುಳಿಯಲ್ಲಿ ಲೆಕ್ಕ ಒಪ್ಪಿಸಬೇಕು. 1270ರ ದಶಕದ ಕೊನೆಯಿಂದ ಮಠ ಮುಚ್ಚುವವರೆಗಿನ ಇಂಥ ಸುರುಳಿಗಳು ರಾಶಿ ರಾಶಿ ಉಳಿದಿವೆ. ನ್ಯೂಕಾಸಲ್ ವ್ಯಾಪಾರಿಗಳಿಂದ ಕೊಂಡ ಗ್ಯಾಸ್ಕನಿ ವೈನ್, ಪೀಪಾಯಿಗಟ್ಟಲೆ ಹೆರಿಂಗ್ ಮೀನು, ಮೆಣಸು, ಒಣದ್ರಾಕ್ಷಿ, ಪಕ್ಕದ ವಿಯರ್‌ಡೇಲ್‌ನ ಕಬ್ಬಿಣ ಎಷ್ಟು, ಸ್ಪೇನಿನಿಂದ ಬಂದ ಕಬ್ಬಿಣ ಎಷ್ಟು, ಎಲ್ಲಕ್ಕೂ ಲೆಕ್ಕ ಇದೆ. ಗೇಣಿಗೆ ದುಡ್ಡಿಲ್ಲದ ಒಕ್ಕಲು ಗೋಧಿ, ಬಾರ್ಲಿ ತಂದು ಹಾಕಿದರೆ ಅದನ್ನೂ ಬೆಲೆ ಕಟ್ಟಿ ಜಮೆ ಮಾಡಿಕೊಳ್ಳುತ್ತಿದ್ದರು.

ಲೆಕ್ಕ ಇದ್ದ ಕಡೆ ಗೋಲ್‌ಮಾಲ್ ಕೂಡ ಇರುತ್ತದೆ. 14ನೇ ಶತಮಾನದ ಸ್ಕಾಟಿಷ್ ಯುದ್ಧಗಳಲ್ಲಿ ಗಡಿ ಕಡೆಯ ಆದಾಯ ಬಿದ್ದುಹೋಗಿತ್ತು. ಪ್ಲೇಗ್ ಬಂದು ಒಕ್ಕಲು ಕಡಿಮೆಯಾಗಿ ಗೇಣಿ ಇಳಿದಿತ್ತು. ಇಂಥ ಹೊತ್ತಲ್ಲಿ 1432ರಿಂದ ಬರ್ಸರ್ ಆಗಿದ್ದವನು ಥಾಮಸ್ ಲಾಸನ್. ವರ್ಷ ವರ್ಷ ಸಾಲ ಬೆಳೆಯುತ್ತಾ ಹೋದರೂ ಮುಚ್ಚಿಟ್ಟ. 1438ರಲ್ಲಿ ಬಯಲಾದಾಗ ಸಾಲ ಸಾವಿರ ಪೌಂಡ್ ದಾಟಿತ್ತು. ಆ ಕಾಲದ ಸಾವಿರ ಪೌಂಡ್! ಪ್ರಯರ್ ಜಾನ್ ವೆಸಿಂಗ್ಟನ್ ತಲೆ ಮೇಲೆ ಕೈ ಹೊತ್ತುಕೊಂಡಿರಬೇಕು. ಒಬ್ಬನ ಕೈಗೆ ಅಷ್ಟು ದುಡ್ಡು ಕೊಡೋದೇ ಬೇಡ ಅಂತ ಬರ್ಸರ್ ಕೆಲಸವನ್ನು ಮೂರು ಪಾಲು ಮಾಡಿ ಮೂವರಿಗೆ ಹಂಚಿದರು. ಅದೂ ಸರಿಹೋಗದೆ 1445ರಲ್ಲಿ ಮತ್ತೆ ಒಂದು ಮಾಡಿದರು. ವೆಸಿಂಗ್ಟನ್ ಮರುವರ್ಷ ನಿವೃತ್ತನಾದ.

ದಿನವಿಡೀ ಏನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ಮಧ್ಯರಾತ್ರಿಯಿಂದ ಶುರುವಾಗಿ ದಿನಕ್ಕೆ ಎಂಟು ಹೊತ್ತು ಪ್ರಾರ್ಥನೆ, ಅದು ಎಲ್ಲ ಬೆನೆಡಿಕ್ಟೈನ್ ಮಠಗಳಲ್ಲೂ ಇದ್ದದ್ದೇ. ಡರ್ಹಮ್ ಬಗ್ಗೆ ನಮಗೆ ಜಾಸ್ತಿ ಗೊತ್ತಿರೋದಕ್ಕೆ ಕಾರಣ, 1593ರಲ್ಲಿ ಹೆಸರು ಹೇಳದ ಯಾರೋ ಒಬ್ಬರು ಹಳೇ ಮಠ ಹೇಗಿತ್ತು ಅಂತ ಒಂದೊಂದು ಮೂಲೆಯನ್ನೂ ಬಿಡದೆ ಬರೆದಿಟ್ಟಿರುವುದು. ಮಠ ಮುಚ್ಚಿ 50 ವರ್ಷ ದಾಟಿದ ಮೇಲೆ, ಹಳೆಯದರ ಮೇಲಿನ ಮಮತೆಯಿಂದ ಬರೆದದ್ದು. ಹೊಗಳಿಕೆಯನ್ನು ಅರ್ಧ ಕಳೆದು ಓದಬೇಕು, ಆದರೆ ವಿವರಗಳು ಬಂಗಾರ. ಅಂಗಳದ ಸುತ್ತ ಇರುವ ಮೊಗಸಾಲೆಯ ಉತ್ತರದ ಸಾಲಿನಲ್ಲಿ ಒಂದೊಂದು ಕಿಟಕಿಗೆ ಮೂರು ಮೂರು ಮರದ ಗೂಡುಗಳಿದ್ದವಂತೆ. ಒಬ್ಬೊಬ್ಬ ಹಿರಿಯ ಸನ್ಯಾಸಿಗೆ ಒಂದೊಂದು. ಒಳಗೆ ಪುಸ್ತಕ ಇಡೋಕೆ ಒಂದು ಮೇಜು. ಮಧ್ಯಾಹ್ನ ಊಟ ಆದ ಮೇಲೆ ಸಂಜೆ ಪ್ರಾರ್ಥನೆಯವರೆಗೂ ಅಲ್ಲಿ ಕೂತು ಓದಬೇಕು. ಎದುರುಗಡೆ ಗೋಡೆಗೆ ಪುಸ್ತಕದ ಬೀರುಗಳು. ಆ ಪುಸ್ತಕಗಳಲ್ಲಿ ಮುನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಇವತ್ತಿಗೂ ಡರ್ಹಮ್‌ನಲ್ಲೇ ಇವೆ, ಇಂಗ್ಲೆಂಡಿನ ಮಠಗಳ ಮಟ್ಟಿಗೆ ಇದು ದೊಡ್ಡ ಭಾಗ್ಯ.

ಚಳಿಗಾಲದಲ್ಲಿ ಅಲ್ಲಿ ಹೇಗೆ ಕೂರುತ್ತಿದ್ದರೋ ದೇವರೇ ಬಲ್ಲ. ಸಾಮಾನ್ಯ ಸನ್ಯಾಸಿಗಳಿಗೆ ಬೆಂಕಿ ಕಾಯಿಸಿಕೊಳ್ಳೋಕೆ ಇದ್ದದ್ದು ಒಂದೇ ಕೋಣೆ, ಅದರ ಹಿಂದೆ ಒಂದು ತೋಟ, ಚೆಂಡು ಉರುಳಿಸಿ ಆಡುವ ಅಂಕಣ. ಕಿರಿಯರು ಅಲ್ಲಿ ಆಡುತ್ತಿದ್ದರು, ಅವರ ಮೇಷ್ಟ್ರು ಪಕ್ಕದಲ್ಲೇ ನಿಂತಿರುತ್ತಿದ್ದ. ಕ್ರಿಸ್‌ಮಸ್‌ಗೆ ಒಂಬತ್ತು ದಿನ ಮುಂಚೆ, ಡಿಸೆಂಬರ್ 16ಕ್ಕೆ, ಅದೇ ಬೆಂಕಿ ಕೋಣೆಯಲ್ಲಿ ಎಲ್ಲರಿಗೂ ಅಂಜೂರ, ಒಣದ್ರಾಕ್ಷಿ, ಕೇಕು, ಏಲ್ ಬಿಯರ್. ಅತಿ ಏನೂ ಇರಲಿಲ್ಲ, ಮಿತವಾಗಿಯೇ ಇತ್ತು ಅಂತ ಬರೆದವರು ಒತ್ತಿ ಹೇಳಿದ್ದಾರೆ. ಇಷ್ಟು ಒತ್ತಿ ಹೇಳಿದ್ದು ನೋಡಿದರೆ ನನಗೆ ಸ್ವಲ್ಪ ಅನುಮಾನ.

ಅಡುಗೆಮನೆ ನೋಡಿದಿರಾ? ಎಂಟು ಮೂಲೆಯ ಕಟ್ಟಡ, 1366ರಿಂದ 1374ರ ಒಳಗೆ ಜಾನ್ ಲೂವಿನ್ ಎಂಬ ಮೇಸ್ತ್ರಿ ಕಟ್ಟಿದ್ದು. ಮೇಲೆ ಕಲ್ಲಿನ ಪಟ್ಟಿಗಳು ಒಂದನ್ನೊಂದು ಹಾಯ್ದು ನಡುವೆ ಹೊಗೆ ಹೋಗೋಕೆ ಜಾಗ ಬಿಡುತ್ತವೆ. ಮಠ ಹೋದ ಮೇಲೂ ಕೆಥೀಡ್ರಲ್‌ನ ಹೊಸ ಮುಖ್ಯಸ್ಥನಾದ ಡೀನ್ ಮನೆಯ ಅಡುಗೆ 20ನೇ ಶತಮಾನದವರೆಗೂ ಅಲ್ಲೇ ನಡೆಯಿತು. ಸನ್ಯಾಸಿಗಳು ಮಲಗುತ್ತಿದ್ದ ಉದ್ದನೆಯ ಹಜಾರವನ್ನೂ ತಪ್ಪಿಸಬೇಡಿ. 1404ಕ್ಕೆ ಮುಗಿದದ್ದು, ಮೇಲಿನ ಓಕ್ ತೊಲೆಗಳು ಮರವನ್ನು ಸುಮ್ನೆ ಒರಟಾಗಿ ಕಡಿದು ಇಟ್ಟ ಹಾಗಿವೆ.

ಈಗ ನಿಮ್ಮ ಫಿಂಕಲ್‌ಗೆ ಬರೋಣ. ಅದು ಶುರುವಾದದ್ದು ಗಾಡ್ರಿಕ್ ಎಂಬ ಒಬ್ಬ ವಿರಕ್ತನಿಂದ. ಮೊದಲು ಊರೂರು ಸುತ್ತುವ ವ್ಯಾಪಾರಿ, ಆಮೇಲೆ ಹಡಗು ನಡೆಸಿದವನು, ಜೆರುಸಲೇಮ್‌ವರೆಗೂ ಹೋಗಿ ಬಂದವನು. ಕೊನೆಗೆ ವಿಯರ್ ದಂಡೆಯ ಕಾಡಿನಲ್ಲಿ ಒಂದು ಗುಡಿಸಲು ಹಾಕಿಕೊಂಡು 1170ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದ. ನೂರು ವರ್ಷ ಬದುಕಿದ್ದ ಅಂತ ಪ್ರತೀತಿ. ರಾಗದ ಸಮೇತ ನಮಗೆ ಸಿಕ್ಕಿರುವ ಅತಿ ಹಳೇ ಇಂಗ್ಲಿಷ್ ಹಾಡುಗಳು ಇವನವೇ. ಅವನ ಜಾಗ ಡರ್ಹಮ್ ಕೈಗೆ ಬಂದು 1196ರ ಹೊತ್ತಿಗೆ ಪ್ರಯರಿ ಆಯಿತು. ಡರ್ಹಮ್‌ಗೆ ಇಂಥ ಒಂಬತ್ತು ಶಾಖೆಗಳಿದ್ದವು. ಲಿಂಡಿಸ್‌ಫಾರ್ನ್, ಜಾರೋ, ವಿಯರ್‌ಮತ್, ಸ್ಕಾಟ್ಲೆಂಡಿನ ಕೋಲ್ಡಿಂಗಮ್, ಲಂಕಾಷೈರ್‌ನ ಲಿದಮ್, ಆಕ್ಸ್‌ಫರ್ಡಿನಲ್ಲಿ ಒಂದು ಕಾಲೇಜು ಕೂಡ. ಆ ಕಾಲೇಜಿನ ಜಾಗದಲ್ಲೇ ಈಗ ಟ್ರಿನಿಟಿ ಕಾಲೇಜ್ ಇದೆ. 15ನೇ ಶತಮಾನದಲ್ಲಿ ಒಟ್ಟು ಸುಮಾರು 70 ಸನ್ಯಾಸಿಗಳಿದ್ದರೆ 30 ಜನ ಯಾವಾಗಲೂ ಶಾಖೆಗಳಲ್ಲಿ. ನಮ್ಮ ಕಡೆ ಸರ್ಕಾರಿ ನೌಕರರ ವರ್ಗಾವಣೆ ಇದ್ದ ಹಾಗೆ: ಆಗದವರನ್ನು ದೂರಕ್ಕೆ, ಬುದ್ಧಿವಂತರನ್ನು ಆಕ್ಸ್‌ಫರ್ಡಿಗೆ.

ಫಿಂಕಲ್ ಮಾತ್ರ ಎಲ್ಲರಿಗೂ ಇಷ್ಟವಾದ ಪೋಸ್ಟಿಂಗ್, ಯಾಕೆಂದರೆ ಅದು ರಜೆ ಮನೆ. ಅಲ್ಲಿ ಒಬ್ಬ ಪ್ರಯರ್, ನಾಲ್ಕು ಜನ ಕಾಯಂ ಸನ್ಯಾಸಿಗಳು. ಇವರ ಜೊತೆಗೆ ಡರ್ಹಮ್‌ನಿಂದ ಒಂದು ಸಲಕ್ಕೆ ನಾಲ್ಕು ಜನ, ಮೂರು ವಾರದ ರಜೆಗೆ. 1408ರಲ್ಲಿ ಇದಕ್ಕೊಂದು ನಿಯಮವನ್ನೇ ಮಾಡಿದರು. ನಾಲ್ವರಲ್ಲಿ ಇಬ್ಬರು ಆ ದಿನದ ಪೂಜೆ ಪ್ರಾರ್ಥನೆಗೆ ಇರಬೇಕು, ಇನ್ನಿಬ್ಬರು ಹೊಲ ಗದ್ದೆ ಕಡೆ ತಿರುಗಾಡಿಕೊಂಡು ಬರಬಹುದು, ಆದರೆ ಮರ್ಯಾದೆಯಿಂದ. ಮರುದಿನ ಅದಲು ಬದಲು. ನದಿ ದಂಡೆ, ಕಾಡು, ಊರಿನ ಗದ್ದಲ ಇಲ್ಲ. ನೀವು ಹೋಗಿ ನೋಡಿದ್ದೀರಲ್ಲ, ಅವರ ಖುಷಿ ನಿಮಗೇ ಅರ್ಥವಾಗಿರುತ್ತದೆ.

ಇನ್ನೊಂದು ವಿಷಯ ನೀವು ಅಲ್ಲಿ ಗಮನಿಸಿದ್ದೀರೋ ಇಲ್ಲವೋ. ಚರ್ಚಿನ ಎರಡೂ ಬದಿಯ ದೊಡ್ಡ ಕಮಾನುಗಳನ್ನು ಕಲ್ಲಿಟ್ಟು ಮುಚ್ಚಿ, ಆ ಗೋಡೆಯಲ್ಲೇ ಕಿಟಕಿ ಕೂರಿಸಿದ್ದಾರೆ. ಅದು ಹೆನ್ರಿಯ ಕೆಲಸವಲ್ಲ. 1360ರ ದಶಕದಲ್ಲಿ ಸನ್ಯಾಸಿಗಳೇ ಪಕ್ಕದ ಸಾಲುಗಳನ್ನು ಕೆಡವಿ ಚರ್ಚನ್ನು ಚಿಕ್ಕದು ಮಾಡಿಕೊಂಡರು. 1349ರ ಪ್ಲೇಗಿನಲ್ಲಿ ಡರ್ಹಮ್‌ನ ಸುಮಾರು 50 ಸನ್ಯಾಸಿಗಳು ಸತ್ತಿದ್ದರು. ಜನ ಇಲ್ಲ, ಆದಾಯ ಇಲ್ಲ, ದೊಡ್ಡ ಚರ್ಚು ಯಾರಿಗೆ? ಅಂದರೆ ಫಿಂಕಲ್ ಕುಗ್ಗೋಕೆ ಶುರುವಾದದ್ದು ಹೆನ್ರಿಗಿಂತ ಪೂರ್ತಿ 170 ವರ್ಷ ಮೊದಲು.

ಈಗ ಕೊನೆಯ ಅಂಕ. 1535ರಲ್ಲಿ ಹೆನ್ರಿಯ ಅಧಿಕಾರಿಗಳು ದೇಶದ ಎಲ್ಲ ಚರ್ಚು ಮಠಗಳ ಆದಾಯ ಬರೆದುಕೊಂಡರು. ಮರುವರ್ಷ, ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯದ ಮಠಗಳನ್ನು ಮುಚ್ಚುವ ಕಾನೂನು ಬಂತು. ಉತ್ತರದ ಜನ ದಂಗೆ ಎದ್ದರು, ಸಂತ ಕತ್‌ಬರ್ಟ್‌ನ ಬಾವುಟವನ್ನೂ ಜೊತೆಗೆ ಒಯ್ದರು. ದಂಗೆ ಅಡಗಿತು. ಡರ್ಹಮ್‌ನ ಶಾಖೆಗಳು ಒಂದೊಂದಾಗಿ ಖಾಲಿಯಾದವು, ಲಿಂಡಿಸ್‌ಫಾರ್ನ್ 1537ರಲ್ಲಿ, ಫಿಂಕಲ್ ಅದರ ಬೆನ್ನಿಗೇ. ಇಂಥ ಕಟ್ಟಡಗಳು ಬೀಳೋಕೆ ಯಾರೂ ಸುತ್ತಿಗೆ ಹಿಡಿದು ಬರಬೇಕಿರಲಿಲ್ಲ. ಚಾವಣಿಯ ಸೀಸದ ತಗಡು ಕಿತ್ತು ಮಾರಿದರೆ ಸಾಕು, ಉಳಿದದ್ದನ್ನು ಇಂಗ್ಲೆಂಡಿನ ಮಳೆ ನೋಡಿಕೊಳ್ಳುತ್ತದೆ. ಕಲ್ಲುಗಳು ಬೇರೆ ಕಡೆ ಹೋದವು. ಲಿಂಡಿಸ್‌ಫಾರ್ನ್ ಪ್ರಯರಿಯ ಕಲ್ಲುಗಳು ಪಕ್ಕದ ಗುಡ್ಡದ ಕೋಟೆಗೆ ಹೋದದ್ದು ಹೀಗೆ.

ಡರ್ಹಮ್‌ಗೂ ಅಧಿಕಾರಿಗಳು ಬಂದರು. ಸಮಾಧಿಯ ಚಿನ್ನ ಬೆಳ್ಳಿ, ರತ್ನಗಳನ್ನು ಕಿತ್ತುಕೊಂಡರು. ಆ ಹೆಸರಿಲ್ಲದ ಬರಹಗಾರ ಹೇಳುವ ಪ್ರಕಾರ, ಅಕ್ಕಸಾಲಿಗನೊಬ್ಬ ಮೇಲೆ ಹತ್ತಿ ದೊಡ್ಡ ಸುತ್ತಿಗೆಯಿಂದ ಪೆಟ್ಟಿಗೆ ಒಡೆದ. ಒಳಗೆ ಬರೀ ಮೂಳೆ ಇರುತ್ತದೆ ಅಂದುಕೊಂಡಿದ್ದರು, ನೋಡಿದರೆ ದೇಹ ಇಡಿಯಾಗಿತ್ತು, ಗಡ್ಡ ಕೂಡ ಇತ್ತು. ಒಂದು ಕಾಲು ಮುರಿದುಬಿಟ್ಟೆ ಅಂತ ಅವನು ಮೇಲಿಂದ ಕೂಗಿದ. ಮೂಳೆ ಕೆಳಗೆ ಎಸಿ ಅಂದರು ಅಧಿಕಾರಿಗಳು. ಆಗಲ್ಲ, ನರ ಚರ್ಮ ಹಿಡಿದುಕೊಂಡಿದೆ ಅಂದ. ಕೊನೆಗೆ ಏನು ಮಾಡೋದು ಅಂತ ರಾಜನನ್ನು ಕೇಳಿ, ಅದೇ ಜಾಗದಲ್ಲಿ ನೆಲದ ಕೆಳಗೆ ಹೂತರು. 1827ರಲ್ಲಿ ಮತ್ತೆ ತೆಗೆದಾಗ ಸಿಕ್ಕಿದ್ದು ಅಸ್ಥಿಪಂಜರ, ರೇಷ್ಮೆ ಬಟ್ಟೆಯ ಚೂರುಗಳು, ಜೊತೆಗೆ ಕೆಂಪು ಹರಳು ಕೂರಿಸಿದ ಚಿನ್ನದ ಒಂದು ಶಿಲುಬೆ. ಅದು ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಅಧಿಕಾರಿಗಳ ಕಣ್ಣು ತಪ್ಪಿಸಿತ್ತು. ಈಗ ಅಲ್ಲಿನ ಮ್ಯೂಸಿಯಂನಲ್ಲಿದೆ.

ಸನ್ಯಾಸಿಗಳ ಕಥೆ ಇಷ್ಟು ನಾಟಕೀಯವಾಗಿಲ್ಲ. ಸುಮಾರು 20 ವರ್ಷದಿಂದ ಪ್ರಯರ್ ಆಗಿದ್ದ ಹ್ಯೂ ವೈಟ್‌ಹೆಡ್ ಡಿಸೆಂಬರ್ 31ಕ್ಕೆ ಸಹಿ ಹಾಕಿದ. 1541ರ ಮೇ 12ಕ್ಕೆ ರಾಜನ ಹೊಸ ಸನ್ನದು ಬಂತು: ಕೆಥೀಡ್ರಲ್‌ಗೆ ಇನ್ನು ಮುಂದೆ ಮುಖ್ಯಸ್ಥನಾಗಿ ಒಬ್ಬ ಡೀನ್, ಅವನ ಜೊತೆ ಕೆಥೀಡ್ರಲ್ ನಡೆಸುವ ಪಾದ್ರಿಗಳಾಗಿ 12 ಕ್ಯಾನನ್‌ಗಳು. ಡೀನ್ ಯಾರು? ಹ್ಯೂ ವೈಟ್‌ಹೆಡ್. 12 ಕ್ಯಾನನ್‌ಗಳು? ಹನ್ನೆರಡೂ ಜನ ಅದೇ ಮಠದ ಹಳೇ ಸನ್ಯಾಸಿಗಳು. ಜಾಗ ಸಿಗದವರಿಗೆ ಪಿಂಚಣಿ. ಮಠದ ಹೆಚ್ಚಿನ ಜಮೀನು ಹೊಸ ಸಂಸ್ಥೆಗೇ ಬಂತು, ಫಿಂಕಲ್ ಕೂಡ. ಒಕ್ಕಲುಗಳು ಗೇಣಿ ಕಟ್ಟುವ ಕಚೇರಿಯೂ ಬದಲಾಗಲಿಲ್ಲ. ಇದು ಡರ್ಹಮ್ ಒಂದರಲ್ಲೇ ಆದದ್ದಲ್ಲ. ನಾರಿಚ್, ಈಲಿ, ವೂಸ್ಟರ್, ವಿಂಚೆಸ್ಟರ್‌ನಲ್ಲೂ ಕೊನೆಯ ಪ್ರಯರ್‌ಗಳೇ ಮೊದಲ ಡೀನ್‌ಗಳಾದರು. ಕ್ಯಾಂಟರ್‌ಬರಿಗೆ ಮಾತ್ರ ಹೊರಗಿನವನನ್ನು ತಂದರು.

ಬಿಷಪ್ ಇದ್ದದ್ದಕ್ಕೇ ಕಟ್ಟಡ ಉಳಿಯಿತು ಅನ್ನೋದಕ್ಕೆ ಪುರಾವೆ ಬೇಕಾದರೆ ಕವೆಂಟ್ರಿ ನೋಡಿ. ಅದೂ ಕೆಥೀಡ್ರಲ್ ಪ್ರಯರಿ. ಆದರೆ ಅಲ್ಲಿನ ಬಿಷಪ್ಪರಿಗೆ ಲಿಚ್‌ಫೀಲ್ಡ್‌ನಲ್ಲಿ ಇನ್ನೊಂದು ಕೆಥೀಡ್ರಲ್ ಇತ್ತು, ಅಲ್ಲಿ ಸನ್ಯಾಸಿಗಳಿರಲಿಲ್ಲ. ಒಬ್ಬ ಬಿಷಪ್ಪರಿಗೆ ಎರಡು ಯಾಕೆ ಅಂತ ಕವೆಂಟ್ರಿಯದನ್ನು ಕೆಡವಿಬಿಟ್ಟರು. ಊರಿನವರೂ ಬಿಷಪ್ಪರೂ ಬಿಡಿ ಅಂತ ಬೇಡಿಕೊಂಡರೂ ಕೇಳಲಿಲ್ಲ. ಆ ಕಾಲದಲ್ಲಿ ಪೂರ್ತಿ ನೆಲಸಮವಾದ ಇಂಗ್ಲಿಷ್ ಕೆಥೀಡ್ರಲ್ ಅದೊಂದೇ. ಇವತ್ತು ಅಲ್ಲಿ ಅಡಿಪಾಯದ ಕಲ್ಲು ಬಿಟ್ಟರೆ ಹೆಚ್ಚೇನೂ ಇಲ್ಲ.

ಡರ್ಹಮ್‌ನಲ್ಲಿ ಆಮೇಲೂ ಒಂದು ತಮಾಷೆ ನಡೆಯಿತು. 1549ರಲ್ಲಿ ಪಾದ್ರಿಗಳು ಮದುವೆಯಾಗಬಹುದು ಅಂತ ಕಾನೂನು ಬಂತು. 1083ರಲ್ಲಿ ಯಾವ ಕಾರಣ ಕೊಟ್ಟು ಹಳಬರನ್ನು ಓಡಿಸಿದ್ದರೋ ಅದೇ ಈಗ ಸಕ್ರಮ. ಮೊದಲನೇ ಎಲಿಜಬೆತ್ ಕಾಲಕ್ಕೆ ಡೀನ್ ವಿಟಿಂಗಮ್ ಹೆಂಡತಿಯ ಜೊತೆ ಪ್ರಯರ್ ಮನೆಯಲ್ಲೇ ವಾಸವಿದ್ದ. ಸಂತನ ಹೆಸರಿನ ಆ ಬಾವುಟವನ್ನು ಆಕೆಯೇ ತನ್ನ ಮನೆಯ ಒಲೆಯಲ್ಲಿ ಸುಟ್ಟುಹಾಕಿದಳು ಅಂತ ನಮ್ಮ ಹೆಸರಿಲ್ಲದ ಬರಹಗಾರ ಹಲ್ಲು ಕಡಿದುಕೊಂಡು ಬರೆದಿದ್ದಾರೆ.

ಆ ಜಮೀನುಗಳು ಮತ್ತು ಅದರಡಿಯ ಕಲ್ಲಿದ್ದಲು ಮುಂದಿನ ಮುನ್ನೂರು ವರ್ಷ ಡೀನ್ ಮತ್ತು ಕ್ಯಾನನ್‌ಗಳನ್ನು ದೇಶದ ಅತಿ ಶ್ರೀಮಂತ ಪಾದ್ರಿಗಳನ್ನಾಗಿ ಮಾಡಿದವು. 1830ರ ಹೊತ್ತಿಗೆ ಚರ್ಚಿನ ಆಸ್ತಿಯ ಮೇಲೆ ಪಾರ್ಲಿಮೆಂಟಿನ ಕಣ್ಣು ಬಿತ್ತು. ಅವರು ಕೈ ಹಾಕೋಕೆ ಮೊದಲು ನಾವೇ ಒಂದು ಒಳ್ಳೆ ಕೆಲಸಕ್ಕೆ ಕೊಟ್ಟುಬಿಡೋಣ ಅಂತ ಬಿಷಪ್ ವಾನ್ ಮಿಲ್ಡರ್ಟ್ ಮತ್ತು ಕ್ಯಾನನ್‌ಗಳು ಸೇರಿ ಅದರಲ್ಲಿ ಒಂದು ಪಾಲು ತೆಗೆದಿಟ್ಟರು. 1832ರಲ್ಲಿ ಡರ್ಹಮ್ ಯೂನಿವರ್ಸಿಟಿ ಶುರುವಾದದ್ದು ಆ ದುಡ್ಡಿನಲ್ಲಿ. ಬಿಷಪ್ಪರ ಕೋಟೆಯನ್ನೂ ಆಮೇಲೆ ಯೂನಿವರ್ಸಿಟಿಗೇ ಬಿಟ್ಟುಕೊಟ್ಟರು, ಈಗ ಅದು ವಿದ್ಯಾರ್ಥಿಗಳ ಹಾಸ್ಟೆಲ್.